ಬೆಳಗ್ಗೆಯೇ ಬರೆದಿಟ್ಟ ಸಂಜೆಯ ಅಂಕಿ

ಜೂನ್ ೧೪, ಶುಕ್ರವಾರ
ಮಧ್ಯಾಹ್ನ

ನನ್ನ ಬಂಗಾರದಂಥ ಮಗಳಿಗೆ,

ನಿನಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಪುಟ್ಟಕ್ಕನ ಎರಡು ಕೆನ್ನೆಗೂ ಒಂದೊಂದು ಮುತ್ತು. ಒಂದೇ ಕೆನ್ನೆಗೆ ಕೊಟ್ಟರೆ ಇನ್ನೊಂದು ಜಗಳಕ್ಕೆ ಬರುತ್ತದೆಂದು ಅವಳೇ ನನಗೆ ಹೇಳಿಟ್ಟಿದ್ದಾಳೆ. ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ತಡವಾದದ್ದನ್ನು ನನ್ನ ಮೊಣಕಾಲಿನ ತಲೆಗೆ ಕಟ್ಟಬಹುದಿತ್ತು, ಆದರೆ ಯಾರೂ ಮೊಣಕಾಲಿನಿಂದ ಪತ್ರ ಬರೆಯುವುದಿಲ್ಲವಲ್ಲ. ಕೈ ಚೆನ್ನಾಗಿಯೇ ಇತ್ತು, ಮನಸ್ಸಿಗೆ ಧೈರ್ಯವಿರಲಿಲ್ಲ. ಈ ಹನ್ನೊಂದು ದಿನದಲ್ಲಿ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ "ಏನಮ್ಮಾ?" ಕಿವಿಗೆ ಬಿದ್ದ ಕೂಡಲೇ "ಊಟ ಆಯ್ತಾ? ಕಾಲು ಊದಿದೆಯಾ?" ಎಂದು ಕೇಳಿ ಇಟ್ಟುಬಿಟ್ಟೆ. ಕೊನೆಯ ಸಲ ನೀನೇ ನಕ್ಕೆ. "ನಿನ್ನೆನೂ ಇದನ್ನೇ ಕೇಳಿದ್ಯಲ್ಲಮ್ಮ, ಕಾಲು ಒಂದೇ ದಿನದಲ್ಲಿ ಎಷ್ಟು ಊದುತ್ತೆ?" ಎಂದೆ.

ಅದಕ್ಕೇ ಪೆನ್ನು ಹಿಡಿದೆ. ನಾವಿಬ್ಬರೂ ಚೀಟಿಯ ಮೇಲೆ ಸಂಸಾರ ಮಾಡಿದವರು. ನಾನು ಡ್ಯೂಟಿಗೆ ಹೊರಡುವಾಗ ಅನ್ನದ ಪಾತ್ರೆಯ ಕೆಳಗೆ ಚೀಟಿ ಇಟ್ಟು ಹೋಗುತ್ತಿದ್ದೆ, ನೀನು ಅದರ ಬೆನ್ನಿಗೆ ಉತ್ತರ ಬರೆದಿಡುತ್ತಿದ್ದೆ. "ಗಾಜಿನ ಲೋಟ ಒಡೆದದ್ದು ನಾನೇ, ಬೆಕ್ಕಲ್ಲ" ಎಂದು ಆರು ವರ್ಷದವಳು ಬರೆದ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಇವತ್ತು ಅಂಥದ್ದೇ ಚೀಟಿ ಬರೆಯುವ ಸರದಿ ನನ್ನದು.

ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಟೈಲರ್ ಪುಟ್ಟಕ್ಕನ ಫ್ರಾಕ್ ಹೊಲಿದು ಕೊಟ್ಟಿದ್ದಾನೆ. ಎರಡು ಇಂಚು ಉದ್ದ ಬಿಟ್ಟಿದ್ದಾನೆ, "ಮಕ್ಕಳು ಬೆಳೀತವೆ, ಬಟ್ಟೆ ಬೆಳೆಯಲ್ಲ ಸಿಸ್ಟರ್" ಎಂದ. ನಿವೃತ್ತಳಾಗಿ ಐದು ವರ್ಷವಾದರೂ ಬೀದಿಯವರಿಗೆಲ್ಲ ನಾನಿನ್ನೂ ಸಿಸ್ಟರೇ. ಆರೋಗ್ಯ ಕೇಂದ್ರದಲ್ಲಿ ಮಾತ್ರ ನನ್ನ ಹೆಸರು ತಂಪಮ್ಮ. ಇಪ್ಪತ್ತಾರು ವರ್ಷ ಲಸಿಕೆ ಫ್ರಿಜ್ಜಿಗೆ ಕಾವಲು ಕೂತವಳಿಗೆ ಬೇರೆ ಏನು ಹೆಸರಿಟ್ಟಾರು? "ಹೆಸರು ತಂಪಮ್ಮ, ಬಾಯಿ ಬೆಂಕಿ" ಎಂದು ಆಯಾ ನನ್ನ ಬೆನ್ನ ಹಿಂದೆ ಹೇಳುತ್ತಿದ್ದಳು. ಎಷ್ಟೋ ಸಲ ಮುಂದೆಯೂ ಹೇಳಿದ್ದಳು.

ಈಗ ನಿನ್ನ ಪತ್ರದ ವಿಷಯ. ಹನ್ನೊಂದು ದಿನದಿಂದ ಓದಿ ಓದಿ ಅದರ ಮಡಿಕೆ ಹರಿಯುವುದಕ್ಕೆ ಬಂದಿದೆ. ನೀನು ಬರೆದಿದ್ದೆ: "ಡಾಕ್ಟರ್ ಆ ಉಸಿರಾಟದ ಸೋಂಕಿನ ಲಸಿಕೆ ಹಾಕಿಸಿಕೋ ಅಂದಿದ್ದಾರೆ. ಮೂವತ್ತೆರಡು ವಾರ ತುಂಬಲಿ ಅಂದರು. ನೀನು ಬಂದು ಇಲ್ಲಿಯ ಫ್ರಿಜ್ ನೋಡಿ ಸರಿ ಅಂದರೆ ಮಾತ್ರ ತೋಳು ಕೊಡುತ್ತೇನೆ. ಹನ್ನೊಂದು ವರ್ಷ ತಾಪಮಾನದ ಪಟ್ಟಿಯಲ್ಲಿ ಒಂದು ಚೌಕವೂ ಖಾಲಿ ಬಿಡದವಳ ಮಗಳು ನಾನು. ಬೇರೆ ಯಾರ ಮಾತೂ ನನಗೆ ಬೇಡ." ಅದರ ಕೆಳಗೆ ಇನ್ನೊಂದು ಸಾಲು. ನಿಮ್ಮ ಕನ್ನಡಕದ ಅಂಗಡಿಯಲ್ಲಿ ಕ್ಯಾಶಿನಲ್ಲಿ ಕೂರುವ ಹುಡುಗಿಗೂ ಈಗ ಐದನೇ ತಿಂಗಳೆಂದೂ, ಅವಳಿಗೂ ನೀನು ನಮ್ಮ ಕಥೆಯೆಲ್ಲ ಹೇಳಿದೆಯೆಂದೂ, "ಹಾಗಾದ್ರೆ ನಾನೂ ಹಾಕಿಸ್ಕೊಳ್ಳಲ್ಲ ಅಕ್ಕ" ಎಂದು ಅವಳು ಅಂದಳೆಂದೂ ಬರೆದಿದ್ದೆ.

ನಿನ್ನ ಸಾಲು ಓದಿದಾಗ, ನಿಜ ಹೇಳುತ್ತೇನೆ, ಮೊದಲು ಬಂದದ್ದು ನಾಚಿಕೆಯಲ್ಲ, ಉಪಾಯ. ಒಂದು ರೈಲು ಹತ್ತಿ ಬಂದು, ಫ್ರಿಜ್ಜಿನ ಬಾಗಿಲು ತೆಗೆದು, ಕನ್ನಡಕ ಏರಿಸಿ ನೋಡಿ, "ಹೂಂ, ಪರವಾಗಿಲ್ಲ" ಎಂದರೆ ಮುಗಿಯಿತು. ನೀನು ತೋಳು ಕೊಡುತ್ತೀ, ನನ್ನ ಮಾನವೂ ಉಳಿಯುತ್ತದೆ. ಟಿಕೆಟ್ ಕೂಡ ತೆಗೆಸಿದೆ. ಚೀಲಕ್ಕೆ ಬಟ್ಟೆಯನ್ನೂ ತುಂಬಿದೆ. ಆದರೆ ಆ ಕ್ಯಾಶಿನ ಹುಡುಗಿಯ ಸಾಲು ಮಾತ್ರ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವಳಿಗೆ ಫ್ರಿಜ್ ನೋಡಿಕೊಡುವ ತಾಯಿ ಎಲ್ಲಿದ್ದಾಳೆ? ಅವಳು ಇನ್ನೊಬ್ಬಳಿಗೆ ಹೇಳುತ್ತಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಿ ಸುಮ್ಮನೆ ಕೂರಲೂ ಇಲ್ಲ, ಊರಿಂದೂರಿಗೆ ನಡೆಯುತ್ತಿದೆ.

ಆದ್ದರಿಂದ ಕೇಳು. ಮೂರು ವರ್ಷದ ಹಿಂದೆ ಅಳಿಯಂದಿರು ಲಿಫ್ಟ್ ಕೂರಿಸುವ ಕೆಲಸಕ್ಕೆಂದು ದೂರ ಹೋಗಿದ್ದರು, ನೀನು ಪುಟ್ಟಕ್ಕನನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಮನೆಯಲ್ಲಿದ್ದೆ. ನಿನಗಾಗ ಮೂವತ್ತಮೂರನೇ ವಾರ. ಹೊಸ ಲಸಿಕೆ ಬಂದಿದೆ ಎಂದು ಕೇಂದ್ರದಿಂದ ಫೋನ್ ಮಾಡಿ ಕರೆದವಳು ಗುಬ್ಬಚ್ಚಿ. ಅವಳು ನಿನಗೆ ಗೊತ್ತಿರುವವಳೇ. ಇಪ್ಪತ್ತೊಂದನೇ ವಯಸ್ಸಿಗೆ ನನ್ನ ಕೈಕೆಳಗೆ ಬಂದಳು. ಸೂಜಿ ಹಿಡಿಯುವುದರಿಂದ ಹಿಡಿದು ಅಳುವ ಮಗುವನ್ನು ನಗಿಸುವವರೆಗೆ ಎಲ್ಲ ಕಲಿಸಿದವಳು ನಾನೇ. ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿ ಅವಳದಾಯಿತು.

ನಾನು ಎಂದಿನಂತೆ ಸಾಲು ದಾಟಿ ನೇರ ಒಳಗೆ ನುಗ್ಗಿದೆ. ಅವಳು ಯಾರಿಗೋ ಸೂಜಿ ಹಾಕುತ್ತಿದ್ದವಳು ತಿರುಗಿ, "ಅಕ್ಕಾ, ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಟೋಕನ್ ಪ್ರಕಾರ ಕರೀತೀನಿ" ಎಂದಳು. ತಪ್ಪೇನಿತ್ತು ಆ ಮಾತಿನಲ್ಲಿ? ನಾನೇ ಕಲಿಸಿದ ಮಾತು. ಆದರೆ ಇಪ್ಪತ್ತಾರು ವರ್ಷ ನಾನು ಕೂತ ಕೋಣೆಯಿಂದ ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿದಳಲ್ಲ! ಬೆಂಚಿನಲ್ಲಿದ್ದ ಹೆಂಗಸೊಬ್ಬಳು, "ಏನ್ ಸಿಸ್ಟರ್, ನಿಮಗೂ ಟೋಕನ್ನಾ?" ಎಂದು ನಕ್ಕಳು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಮುಕ್ಕಾಲು ಗಂಟೆ ಅಲ್ಲೇ ಕೂತು ಕುದಿದೆ.

ನಮ್ಮ ಟೋಕನ್ ಬಂತು. ನೀನು ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮೇಲಕ್ಕೆ ಮಡಿಚಿದೆ. ನಾನು ಫ್ರಿಜ್ಜಿನ ಹತ್ತಿರ ಹೋದೆ. ಬಾಗಿಲಿಗೆ ತಾಪಮಾನದ ಪಟ್ಟಿ ಅಂಟಿಸಿತ್ತು. ದಿನಕ್ಕೆ ಎರಡು ಸಲ, ಬೆಳಗ್ಗೆ ಒಂಬತ್ತಕ್ಕೂ ಸಂಜೆ ಐದಕ್ಕೂ ಥರ್ಮಾಮೀಟರ್ ನೋಡಿ ಅಂಕಿ ಬರೆಯಬೇಕು. ಎರಡರಿಂದ ಎಂಟು ಡಿಗ್ರಿಯೊಳಗೆ ಇದ್ದರೆ ಔಷಧಿ ಕ್ಷೇಮ. ಗಂಟೆ ಇನ್ನೂ ಹನ್ನೊಂದು. ಪಟ್ಟಿಯಲ್ಲಿ ಆ ದಿನದ ಸಂಜೆಯ ಚೌಕವೂ ಆಗಲೇ ತುಂಬಿತ್ತು.

ಆಮೇಲಿನದು ನಿನಗೆ ನೆನಪಿದೆ. ಪಟ್ಟಿಯನ್ನು ಕಿತ್ತು ಕೈಯಲ್ಲಿ ಹಿಡಿದು, ಬಾಗಿಲಾಚೆಯ ಬೆಂಚಿಗೂ ಕೇಳುವಂತೆ ಕೂಗಿದೆ: "ಈಗ ಹನ್ನೊಂದು ಗಂಟೆ! ಸಂಜೆ ಐದರ ಅಂಕಿ ಇಲ್ಲಿ ಹೇಗೆ ಬಂತು? ಜ್ಯೋತಿಷ್ಯ ಹೇಳ್ತೀಯೇನೇ?" ಬೆಂಚಿನವರೆಲ್ಲ ನಕ್ಕರು. ಗುಬ್ಬಚ್ಚಿಯ ಮುಖ ಸುಣ್ಣದ ಹಾಗಾಯಿತು. "ಅಕ್ಕಾ, ಥರ್ಮಾಮೀಟರ್ ನೀವೇ ನೋಡಿ ಅಕ್ಕಾ" ಎಂದಳು. "ನೋಡೋದೇನಿದೆ? ಈ ಫ್ರಿಜ್ಜಿನ ಔಷಧಿ ನನ್ನ ಮಗಳಿಗೆ ಬೇಡ" ಎಂದು ನಿನ್ನ ಕೈ ಹಿಡಿದು ಎಳೆದುಕೊಂಡು ಬಂದೆ. ಮಡಿಚಿದ ತೋಳನ್ನು ನೀನು ಇಳಿಸಿದ್ದು ಬೀದಿಗೆ ಬಂದ ಮೇಲೆ.

ನಿನಗೆ ಗೊತ್ತಿಲ್ಲದ್ದು ಇದು. ಥರ್ಮಾಮೀಟರನ್ನು ನಾನು ನೋಡಿದ್ದೆ. ಪಟ್ಟಿ ನೋಡುವುದಕ್ಕಿಂತ ಮೊದಲೇ, ಅವಳು ನಿನ್ನ ಸೀಸೆಗೆಂದು ಫ್ರಿಜ್ಜಿನ ಬಾಗಿಲು ತೆಗೆದಾಗಲೇ ನೋಡಿದ್ದೆ. ಇಪ್ಪತ್ತಾರು ವರ್ಷದ ಅಭ್ಯಾಸ, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ನಾಲ್ಕು ಡಿಗ್ರಿ ಇತ್ತು. ಒಳಗೆ ಸೀಸೆಗಳು ಬಾಗಿಲಿಗೆ ತಾಗದ ಹಾಗೆ, ಗಾಳಿಗೆ ಜಾಗ ಬಿಟ್ಟು, ನಾನು ಕಲಿಸಿದ ಹಾಗೆಯೇ ಜೋಡಿಸಿದ್ದವು. ಔಷಧಿ ಚೆನ್ನಾಗಿತ್ತು, ಮಗಳೇ. ಅದು ಚೆನ್ನಾಗಿದೆಯೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ನನ್ನನ್ನು ಬೆಂಚಿನ ಮೇಲೆ ಕೂರಿಸಿದಳೆಂಬ ಸಿಟ್ಟಿಗೆ ನಿನ್ನ ತೋಳನ್ನು ಹಿಂದಕ್ಕೆ ಎಳೆದೆ.

ಬೇರೆ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆನಲ್ಲ? ಆ ವಾರ ಮೊಣಕಾಲು ಎಂದೆ. ಮುಂದಿನ ವಾರ ಬಿಸಿಲು ಎಂದೆ. ಅಲ್ಲಿಗೆ ಹೋದರೆ ಅವರು "ನಿಮ್ಮ ಕೇಂದ್ರದಲ್ಲೇ ಇದೆಯಲ್ಲ ಸಿಸ್ಟರ್, ಇಲ್ಲಿಗ್ಯಾಕೆ ಬಂದ್ರಿ?" ಎಂದು ಕೇಳುತ್ತಾರೆ, ನಾನು ಏನು ಹೇಳಲಿ? ನೀನು ಮತ್ತೆ ಕೇಳಿದಾಗ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನೀನು ಬದುಕಲಿಲ್ವಾ?" ಎಂದೆ. ಲಸಿಕೆ ಬೇಡವೆನ್ನುವ ನೂರಾರು ಅತ್ತೆಯರಿಗೆ ನಾನು ಬೈದದ್ದು ಇದೇ ಮಾತಿಗೆ. ಹೀಗೆ ವಾರಗಳು ಕಳೆದು ಹೋದವು, ಪುಟ್ಟಕ್ಕ ಬಂದಳು.

ಐದು ವಾರದ ಕೂಸು. ಮನೆಯಲ್ಲಿ ಎಲ್ಲರಿಗೂ ಬಂದು ಹೋದ ನೆಗಡಿ ಅದಕ್ಕೂ ಬಂತು. ಮಾರನೆಯ ಬೆಳಗ್ಗೆ ಅದು ಮೊಲೆ ಬಿಟ್ಟು ಬಿಟ್ಟು ಅಳುತ್ತಿತ್ತು, ನೀನು ಹಾಲು ಸಾಲದೇನೋ ಎಂದೆ. ನಾನು ಅಂಗಿ ಎತ್ತಿ ನೋಡಿದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಗಡಿಯಾರ ನೋಡಿ ಒಂದು ನಿಮಿಷ ಎಣಿಸಿದೆ: ಎಪ್ಪತ್ತೆರಡು. ನಿನಗೆ "ಸ್ವಲ್ಪ ಕಫ ಇದೆ, ತೋರಿಸ್ಕೊಂಡು ಬರೋಣ" ಎಂದಷ್ಟೇ ಹೇಳಿದೆ. ಆಟೋ ಹತ್ತಿಸಿ ನೇರ ಮಕ್ಕಳ ವಾರ್ಡಿಗೆ ಕರೆದುಕೊಂಡು ಹೋದೆ.

ಒಂಬತ್ತು ದಿನ ಆ ಪುಟ್ಟ ಮೂಗಿನಲ್ಲಿ ಆಮ್ಲಜನಕದ ನಳಿಕೆ. ಒಂಬತ್ತು ದಿನ ನೀನು ಕುರ್ಚಿಯಲ್ಲಿ ಕೂತೇ ಇದ್ದೆ. ಮಕ್ಕಳ ವಾರ್ಡಿನ ಎತ್ತರದ ಡಾಕ್ಟರು, "ಬಸುರಿ ಇದ್ದಾಗ ಇದಕ್ಕೆ ಲಸಿಕೆ ಹಾಕಿಸಿದ್ರಾಮ್ಮ?" ಎಂದು ಕೇಳಿದರು. ನೀನು ತಲೆಯೆತ್ತಿ, "ಫ್ರಿಜ್ ಸರಿ ಇರ್ಲಿಲ್ಲ ಡಾಕ್ಟರ್. ನಮ್ಮಮ್ಮ ಕಂಡುಹಿಡಿದ್ರು. ಇಲ್ಲಾಂದ್ರೆ ಕೆಟ್ಟ ಔಷಧಿ ಮೈಗೆ ಹೋಗ್ತಿತ್ತು" ಎಂದೆ. ಎಷ್ಟು ಹೆಮ್ಮೆ ಆ ಧ್ವನಿಯಲ್ಲಿ! ಡಾಕ್ಟರು, "ಹಾಕಿಸಿದ್ರೂ ನೆಗಡಿ ಬರಬಹುದಿತ್ತು. ಆದ್ರೆ ಹೀಗೆ ಆಸ್ಪತ್ರೆ ಸೇರೋ ಹಾಗೆ ಆಗೋದು ಬಹಳ ಮಟ್ಟಿಗೆ ತಪ್ಪುತ್ತೆ" ಎಂದರು. ನಾನು ಹಾಸಿಗೆಯ ಚಾದರ ಸರಿಮಾಡುತ್ತಾ ನಿಂತೆ. ಸರಿಯಾಗಿದ್ದ ಚಾದರವನ್ನೇ ಮತ್ತೆ ಮತ್ತೆ ಸರಿಮಾಡಿದೆ.

ಪುಟ್ಟಕ್ಕ ಉಳಿದಳು. ಆದರೆ ಈಗಲೂ ನೆಗಡಿಯಾದಾಗಲೆಲ್ಲ ಅವಳ ಎದೆ ಗುಂಯ್ ಎನ್ನುತ್ತದೆ ಎಂದು ನೀನು ಬರೆಯುತ್ತೀ. ಆ ಸಾಲು ಬಂದ ಪತ್ರವನ್ನು ನಾನು ಎರಡನೇ ಸಲ ಓದುವುದಿಲ್ಲ.

ಆಮೇಲೆ ಅಳಿಯಂದಿರು ದೂರು ಬರೆದರು. ಮಗಳ ಮೂಗಿನಲ್ಲಿ ನಳಿಕೆ ನೋಡಿದ ತಂದೆ, ಅವರದೇನೂ ತಪ್ಪಿಲ್ಲ. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದವಳು ನಾನು. ಗುಬ್ಬಚ್ಚಿಯನ್ನು ಲಸಿಕೆ ಕೋಣೆಯಿಂದ ಎಬ್ಬಿಸಿ ಹಿಂಬದಿಯ ಹಳೇ ಕಾಗದಪತ್ರದ ಕೋಣೆಗೆ ಹಾಕಿದರು. ಮೂರು ವರ್ಷವಾಯಿತು, ಅವಳು ಸೂಜಿ ಮುಟ್ಟಿಲ್ಲ.

ಮೊನ್ನೆ ಬುಧವಾರ ನನ್ನ ಬಿ.ಪಿ. ಮಾತ್ರೆಗೆಂದು ಹೋದವಳು ಅವಳನ್ನು ಕಂಡೆ. ಕಡತಗಳಿಗೆ ದಾರ ಕಟ್ಟುತ್ತಾ ಕೂತಿದ್ದಳು, ತಲೆಯೆಲ್ಲ ದೂಳು. ತಪ್ಪಿಸಿಕೊಂಡು ಹೋಗೋಣ ಎಂದುಕೊಂಡೆ, ಅಷ್ಟರಲ್ಲಿ ಅವಳೇ ಎದ್ದು ಬಂದಳು. ಅವಳು ಕೇಳಿದ ಮೊದಲ ಮಾತು, "ಪಾಪು ಹೇಗಿದೆ ಅಕ್ಕಾ? ಈಗ ಉಸಿರು ಚೆನ್ನಾಗಿದೆಯಾ?" ನಿನಗೆ ಎರಡನೆಯದೆಂದು ಹೇಳಿದೆ. ಮುಖ ಅರಳಿತು. "ಈ ಸಲ ಮರೀದೆ ಹಾಕಿಸಿ ಅಕ್ಕಾ. ನಿಮ್ಮ ಮಗಳಿರೋ ಊರಲ್ಲಿ ಈಗ ಫ್ರಿಜ್ಜೇ ಗಂಟೆಗೊಂದ್ಸಲ ಅಂಕಿ ಬರ್ಕೊಳುತ್ತಂತೆ, ಮನುಷ್ಯರ ಕೈಗೆ ಪೆನ್ನೇ ಕೊಡಲ್ವಂತೆ" ಎಂದು ನಕ್ಕಳು. ನನ್ನ ಮೇಲೆ ಒಂದೇ ಒಂದು ಕೆಟ್ಟ ಮಾತು ಆಡಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಮನೆಗೆ ಬಂದು ರೈಲಿನ ಟಿಕೆಟ್ ರದ್ದು ಮಾಡಿಸಿದೆ.

ನಾನು ಬರುವುದಿಲ್ಲ. ನಾನು ಬಂದು ನೋಡಬೇಕಾದದ್ದು ಏನೂ ಇಲ್ಲ. ಸೋಮವಾರಕ್ಕೆ ನಿನಗೆ ಮೂವತ್ತೆರಡು ವಾರ ತುಂಬುತ್ತದೆ. ಮಂಗಳವಾರವೇ ಹೋಗು. ತಾಯಿ ಅಂತ ಬೇಡ, ಸಾವಿರಾರು ಬಸುರಿಯರಿಗೆ ಹೇಳಿದ ಸಿಸ್ಟರ್ ಅಂತ ಕೇಳು. ಹುಟ್ಟಿದ ಕೂಸಿಗೆ ಈ ರೋಗದ ಜೊತೆ ಹೋರಾಡುವ ಶಕ್ತಿ ಇರುವುದಿಲ್ಲ, ಅದು ಕಲಿಯುವುದಕ್ಕೆ ತಿಂಗಳುಗಳು ಬೇಕು. ನಿನ್ನ ತೋಳಿಗೆ ಹಾಕಿದ ಲಸಿಕೆಯಿಂದ ನಿನ್ನ ಮೈ ಆ ಶಕ್ತಿ ತಯಾರಿಸಿ, ಹೊಕ್ಕುಳಬಳ್ಳಿಯ ಮೂಲಕ ಒಳಗಿರುವಾಗಲೇ ಅದಕ್ಕೆ ದಾಟಿಸುತ್ತದೆ. ದೂರದ ದಾರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವ ಹಾಗೆ. ಮೊದಲ ಕೆಲವು ತಿಂಗಳು ಕೂಸು ಆ ಬುತ್ತಿಯಲ್ಲೇ ಕಳೆಯುತ್ತದೆ. ಬುತ್ತಿ ಕಟ್ಟುವುದಕ್ಕೆ ಮೈಗೆ ಎರಡು ವಾರವಾದರೂ ಬೇಕು, ಅದಕ್ಕೇ ತಡಮಾಡಬೇಡ ಎನ್ನುವುದು. ನಾಯಿಕೆಮ್ಮಿನದ್ದು, ಫ್ಲೂದ್ದು ಆಗಿದೆಯಾ ಎಂದೂ ಡಾಕ್ಟರನ್ನು ಕೇಳು. ಒಂದೆರಡು ದಿನ ತೋಳು ನೋಯಬಹುದು, ಮೈ ಸ್ವಲ್ಪ ಬೆಚ್ಚಗಾಗಬಹುದು.

ಪುಟ್ಟಕ್ಕನಿಗೆ ಆ ಬುತ್ತಿ ಸಿಗದ ಹಾಗೆ ಮಾಡಿದವಳು ಅವಳ ಅಜ್ಜಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನಾನು ಕೊಯ್ದದ್ದು ನನ್ನ ಮೂಗನ್ನೂ ಅಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುತ್ತಲೂ ಇಲ್ಲ. ಆ ಕ್ಯಾಶಿನ ಹುಡುಗಿಗೆ ಮಾತ್ರ ಈ ಪತ್ರವನ್ನು ಓದಿ ಹೇಳು. "ನಮ್ಮಮ್ಮ ಸುಳ್ಳು ಹೇಳಿದ್ರು" ಎಂದು ಬಾಯಿಬಿಟ್ಟು ಹೇಳು. ಅಳಿಯಂದಿರಿಗೂ ಹೇಳು.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಕ್ಕಳ ಉಸಿರು ಸಲೀಸಾಗಿರಲಿ. ನನಗೆ ಉತ್ತರ ಬರೆಯದಿದ್ದರೂ ಸರಿ. ಲಸಿಕೆ ಹಾಕಿಸಿಕೊಂಡ ದಿನ ಒಂದೇ ಒಂದು ಸಾಲು ಬರೆ, "ತೋಳು ನೋಯುತ್ತಿದೆ" ಎಂದು. ನನಗೆ ಅಷ್ಟು ಸಾಕು.

ಇಂತಿ,
ನಿನ್ನ ತಲೆಯ ಮೇಲೆ ಕೈಯಿಡಲೂ ಸಂಕೋಚಪಡುವ
ಅಮ್ಮ

ಲಕೋಟೆ ಅಂಟಿಸುವ ಮುನ್ನ:

ಮೇಲೆ ಬರೆದದ್ದೆಲ್ಲ ನಿಜ, ಆದರೆ ಅದು ಮುಕ್ಕಾಲು ನಿಜ. ಉಳಿದದ್ದನ್ನೂ ಬರೆಯದೆ ಅಂಟು ಹಚ್ಚಲು ಕೈ ಬರುತ್ತಿಲ್ಲ.

ಹಜಾರದ ಗೋಡೆಯ ಮೇಲಿದ್ದ ಆ ಪ್ರಶಸ್ತಿಪತ್ರ, ನೀನು ಬಂದವರಿಗೆಲ್ಲ ತೋರಿಸುವುದು, "ಹನ್ನೊಂದು ವರ್ಷ ಒಂದು ಚೌಕವೂ ಖಾಲಿಯಿಲ್ಲ" ಎನ್ನುವುದು. ಖಾಲಿ ಹೇಗಿರುತ್ತದೆ? ಸಂಜೆಯ ಅಂಕಿಯನ್ನು ನಾನು ಬೆಳಗ್ಗೆಯೇ ಬರೆದಿಡುತ್ತಿದ್ದೆ. ನಾಲ್ಕಕ್ಕೆ ನಿನ್ನ ಶಾಲೆ ಬಿಡುತ್ತಿತ್ತು, ಐದರವರೆಗೆ ಕಾದರೆ ನೀನೊಬ್ಬಳೇ ಗೇಟಿನ ಹತ್ತಿರ ನಿಂತಿರಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಏಕೆಂದರೆ ನೀನು ಕಾಲೇಜಿಗೆ ಹೋದ ಮೇಲೂ ಹಾಗೆಯೇ ಬರೆದೆ. ಆ ಫ್ರಿಜ್ ಒಂದು ದಿನವೂ ಕೈಕೊಡಲಿಲ್ಲ, ಅದು ನನ್ನ ಪುಣ್ಯವೇ ಹೊರತು ನನ್ನ ಕೆಲಸವಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿಲ್ಲ!

ಗುಬ್ಬಚ್ಚಿ ಕೆಲಸಕ್ಕೆ ಸೇರಿದ ಮೊದಲ ವಾರ ಸಂಜೆ ಐದಕ್ಕೆ ಅಂಕಿ ಬರೆಯಲೆಂದು ಕಾದು ಕೂತಿದ್ದಳು. "ಬೆಳಗ್ಗೆನೇ ಬರೆದಿಟ್ಬಿಡೇ ಹುಡುಗಿ, ಫ್ರಿಜ್ ಎಲ್ಲಿಗೂ ಓಡಿಹೋಗಲ್ಲ" ಎಂದು ಅವಳ ಕೈಗೆ ಪೆನ್ನು ಕೊಟ್ಟವಳು ನಾನು. ಪಟ್ಟಿ ನೋಡಿದ ಕೂಡಲೇ ನನಗೆ ತಪ್ಪು ಹೊಳೆದದ್ದು ಹೇಗೆ ಎಂದು ನೀನು ಯಾವತ್ತೂ ಕೇಳಲಿಲ್ಲ.

ನಾಳೆ ಬೆಳಗ್ಗೆ ಆರೋಗ್ಯ ಅಧಿಕಾರಿಗೆ ಇದನ್ನೆಲ್ಲ ಬರೆದು, ಸಹಿ ಮಾಡಿ, ಆ ಪ್ರಶಸ್ತಿಪತ್ರದ ಜೊತೆ ಕೊಟ್ಟು ಬರುತ್ತೇನೆ. ಅದನ್ನು ಗೋಡೆಯಿಂದ ಇಳಿಸಿದ್ದೇನೆ. ಅಳಿಯಂದಿರ ದೂರಿನ ವಿಚಾರಣೆ ನಡೆದದ್ದೂ ಅವರ ಕೋಣೆಯಲ್ಲೇ. ಸಾಕ್ಷಿಯೆಂದು ನನ್ನನ್ನೂ ಕರೆದಿದ್ದರು. ಅಧಿಕಾರಿ ಗುಬ್ಬಚ್ಚಿಯನ್ನು, "ಈ ಅಭ್ಯಾಸ ನಿನಗೆ ಯಾರಮ್ಮ ಕಲಿಸಿದ್ದು?" ಎಂದು ಕೇಳಿದರು. ಅವಳು ಒಂದೇ ಒಂದು ಸಲ ನನ್ನ ಕಡೆ ನೋಡಿದಳು. "ಯಾರೂ ಇಲ್ಲ ಸರ್, ನನ್ನದೇ ತಪ್ಪು" ಎಂದಳು. ನಾನು ನನ್ನ ಕೈಚೀಲದ ಜಿಪ್ ಸಿಕ್ಕಿಕೊಂಡಿದೆಯೆಂಬಂತೆ ತಲೆ ತಗ್ಗಿಸಿ ಎಳೆಯುತ್ತಾ ಕೂತಿದ್ದೆ. ಜಿಪ್ ಸರಿಯಾಗಿಯೇ ಇತ್ತು.